ಗಂಟಿಲ್ಲದ ಊರು

ಆವತ್ತು ಬೆಳಗ್ಗೆ ಸಿದ್ದನದೊಡ್ಡಿಯ ಮೇಲೆ ಮಂಜು ಮೆಲುಕು ಹಾಕುವ ಎಮ್ಮೆಯ ಹಾಗೆ ಮಲಗಿತ್ತು. ಮಾಗಿಯ ಮಂಜು. ಗದರಿದರೆ ಏಳುವುದಿಲ್ಲ, ಒದ್ದರೂ ಏಳುವುದಿಲ್ಲ. ನಾಲೆ ಯಾವುದು, ಏರಿ ಯಾವುದು, ಕಬ್ಬಿನ ಗದ್ದೆ ಯಾವುದು ಒಂದೂ ಕಾಣದು. ನೀರಿನ ಸದ್ದು ಮಾತ್ರ ಇತ್ತು. ಆ ಸದ್ದನ್ನೇ ಹಿಡಿದುಕೊಂಡು ಕೆಂಪಸಿದ್ದಯ್ಯ ಏರಿಯ ಮೇಲೆ ನಡೆಯುತ್ತಿದ್ದ. ಹಿಂದೆ ಅವನ ಹೆಂಡತಿ ಸೋಮಮ್ಮ.

ಅವನು ನಿಂತ. ಕಿವಿಗೊಟ್ಟ.

"ತೂಬು ಮೂರ್ ಬೆರಳು ಜಾಸ್ತಿ ಎತ್ತವ್ರೆ ಕಣಮ್ಮಿ. ಶಿವಣ್ಣನ ಗದ್ದೆಗೆ ಓಯ್ತಾ ಅದೆ."

"ಉಸ್ರಾಡಕ್ಕೆ ಆಗ್ದಿದ್ರೂ ನೀರಿನ್ ಲೆಕ್ಕ ಬುಡಕಿಲ್ವಲ್ಲ ನೀನು. ನಡಿ, ಬಸ್ಸು ಓಯ್ತದೆ."

ಕೆಂಪಸಿದ್ದಯ್ಯ ಊರಿನ ನೀರುಗಂಟಿ. ನಾಲೆಯಿಂದ ಯಾರ ಗದ್ದೆಗೆ ಎಷ್ಟು ನೀರು ಬಿಡಬೇಕು ಅನ್ನುವುದು ಅವನ ಕೆಲಸ. ಅಪ್ಪನಿಂದ ಬಂದದ್ದು, ಅಪ್ಪನಿಗೆ ಅವನಪ್ಪನಿಂದ. ಮಾಗಿಯಲ್ಲೂ ಸೊಂಟದ ಮಟ್ಟ ನೀರಿಗೆ ಇಳಿಯಬೇಕು. ಹಲಗೆ ಎತ್ತಬೇಕು, ಹಲಗೆ ಇಳಿಸಬೇಕು. ಕಾಲಿನ ಬೆರಳ ಸಂದಿ ವರ್ಷವಿಡೀ ಬೆಳ್ಳಗೆ ಬಿರಿದಿರುತ್ತಿತ್ತು. ಊರಿನ ಅಷ್ಟೂ ಗದ್ದೆಗೆ ನೀರು ಬಿಡುವವನು ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಬಾವಿಗೂ ಗೊತ್ತಿತ್ತು.

ಅವನ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡು ಎಂಟು ತಿಂಗಳಾಗಿತ್ತು. ಮೊದಲು ಅವರೆಕಾಳಿನಷ್ಟು. ಆಮೇಲೆ ಗಜ್ಜುಗದಷ್ಟು. ಈಗ ನಿಂಬೆಹಣ್ಣು. ನೋವಿಲ್ಲ. ಆದರೆ ಮಾಗಿಯ ಚಳಿಯಲ್ಲೂ ಚಾಪೆ ಒದ್ದೆಯಾಗುವ ಹಾಗೆ ಬೆವರುತ್ತಿದ್ದ. ಪಂಚೆ ಎರಡು ಸುತ್ತು ಹೆಚ್ಚಿಗೆ ಬರುತ್ತಿತ್ತು.

"ನಮ್ಗೊಂದ್ ತ್ವಾಟ ಇಲ್ಲ ಅಂತ ಗೋಳಾಡ್ತಿದ್ಯಲ್ಲ," ಅಂತ ಅವನು ಹೆಂಡತಿಗೆ ಹೇಳಿದ್ದ. "ನೋಡು, ಕುತ್ಗೇಲಿ ನಿಂಬೆ ಬುಟ್ಟದೆ."

ಸೋಮಮ್ಮ ನಗಲಿಲ್ಲ. ಅವಳು ಕಬ್ಬು ಕಡಿಯುವವಳು. ಮುಂಗೈಯಿಂದ ಮೊಣಕೈವರೆಗೆ ಕಬ್ಬಿನ ಗರಿ ಗೀರಿದ ಗೆರೆಗಳು. ಕೊಳೆತ ಕಬ್ಬು ಯಾವುದು, ಗಟ್ಟಿ ಕಬ್ಬು ಯಾವುದು ಅಂತ ಹೊರಗಿನಿಂದ ತಟ್ಟಿ ಹೇಳುತ್ತಿದ್ದಳು. ಗಂಡನ ಬೆನ್ನು ತಟ್ಟಿದಾಗ ಅವಳಿಗೆ ಗೊತ್ತಾಗಿತ್ತು.

ಅವಳ ತಂಗಿ ಚಲುವಮ್ಮ ಮಂಡ್ಯದ ಗುತ್ತಲಿನಲ್ಲಿದ್ದಳು. ಅಲ್ಲೊಂದು ಆಫೀಸಿನ ಕಸ ಗುಡಿಸುತ್ತಿದ್ದಳು. ಹೋದ ವಾರ ಊರಿಗೆ ಬಂದವಳು ಭಾವನ ಕುತ್ತಿಗೆ ನೋಡಿ ಹೇಳಿದಳು: "ಅಕ್ಕಾ, ನಾ ಗುಡ್ಸೋ ಆಪೀಸ್ನಲ್ಲಿ ಇಂಥ ಗಂಟು ನೋಡೋದೇ ಕೆಲ್ಸ ಕಣೆ. ಬಿಳಿ ವ್ಯಾನು ಮಡಿಕಂಡವ್ರೆ. ಬೆಂಗ್ಳೂರಿನ ದೊಡ್ಡಾಸ್ಪತ್ರೆಗೆ ಕರ್ಕಂಡೋಗಿ ಕಾಸಿಲ್ದೆ ಸುಮ್ಕೆ ನೋಡುಸ್ತಾರೆ."

ಅದಕ್ಕೇ ಈ ಮಂಜಿನಲ್ಲಿ ಎರಡು ಮೈಲಿ ನಡೆದು ಕೆರಗೋಡಿನ ಬಸ್ಸಿಗೆ ಹೊರಟಿದ್ದರು. ದಾರಿಯಲ್ಲಿ ಸಿದ್ದಪ್ಪಾಜಿಯ ಗದ್ದುಗೆ ಸಿಕ್ಕಿತು. ಕೈ ಮುಗಿದರು. ಸೋಮಮ್ಮ ಒಂದು ಚಿಟಿಕೆ ಭೂತಿ ತೆಗೆದು ಗಂಡನ ಹಣೆಗೊಂದಿಷ್ಟು, ನಿಂಬೆಹಣ್ಣಿಗೊಂದಿಷ್ಟು ಹಚ್ಚಿದಳು.

*

ಗುತ್ತಲಿನ ಆ ಆಫೀಸು ಒಂದು ಹೆಂಚಿನ ಮನೆ. ಮೂರು ಮೆಟ್ಟಿಲು. ಒಳಗೆ ಗೋಡೆಯ ಮೇಲೆ ಇಡೀ ಜಿಲ್ಲೆಯ ನಕಾಶೆ. ನಕಾಶೆಯ ಮೇಲೆ ಕೆಂಪು ತಲೆಯ ಗುಂಡುಸೂಜಿಗಳು. ಒಂದು ಕಡೆ ಕೆಂಪು ಇರುವೆ ಮುತ್ತಿದ ಹಾಗೆ ಮುತ್ತಿದ್ದವು.

ಡಾಕ್ಟರ್ ವೆಂಕಟೇಶಮೂರ್ತಿ ಒಳ್ಳೆಯ ಮನುಷ್ಯ. ಬೆಳಗ್ಗೆ ಎದ್ದು ಸಂಧ್ಯಾವಂದನೆ ಮಾಡುವವರು, ಇರುವೆ ತುಳಿಯದವರು. ಅಂಕಿಗಳನ್ನು ದೇವರಷ್ಟೇ ನಂಬುವವರು. ಕೆಂಪಸಿದ್ದಯ್ಯ ಹೊಸ್ತಿಲಲ್ಲಿ ನಿಂತು ಕುತ್ತಿಗೆ ತೋರಿಸಿದ. ಅವರು ಮೇಜಿನ ಹಿಂದಿನಿಂದಲೇ ನೋಡಿದರು.

"ಯಾವೂರಪ್ಪಾ?"

"ಸಿದ್ದನದೊಡ್ಡಿ ಬುದ್ದೀ, ಕೆರಗೋಡ್ ತಾವು."

"ಕಸ್ತೂರಿ, ಸಿದ್ದನದೊಡ್ಡಿ ನೋಡಯ್ಯ."

ಪಕ್ಕದ ಮೇಜಿನಲ್ಲಿ ಕೂತಿದ್ದ ಗುಮಾಸ್ತ ಕಸ್ತೂರಿರಂಗ ದಪ್ಪ ಪುಸ್ತಕ ಬಿಡಿಸಿ ಬೆರಳು ಜಾರಿಸಿದ. "ಸೊನ್ನೆ ಸಾರ್."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಪ್ಪ, ನಿಮ್ಮೂರಲ್ಲಿ ಈ ಕಾಯಿಲೆ ಇಲ್ಲ."

ಸೋಮಮ್ಮ ಗಂಡನ ಕುತ್ತಿಗೆ ನೋಡಿದಳು. ನಿಂಬೆಹಣ್ಣು ಅಲ್ಲೇ ಇತ್ತು. ಭೂತಿಯೂ ಇತ್ತು.

"ಇದಕ್ಕೆ ಲಿಂಫೋಮಾ ಅಂತಾರಮ್ಮ, ಒಂದು ಥರದ ಕ್ಯಾನ್ಸರ್. ಮಂಡ್ಯ ಪೇಟೆಯಲ್ಲಿ ಹನ್ನೊಂದು ಸಿಕ್ಕಿವೆ. ಮದ್ದೂರು ಪೇಟೆಯಲ್ಲಿ ಆರು. ಮಳವಳ್ಳಿ ಪೇಟೆಯಲ್ಲಿ ನಾಲ್ಕು. ಒಟ್ಟು ಇಪ್ಪತ್ತೊಂದು. ಹಳ್ಳಿಗಳಲ್ಲಿ ಹುಡುಕಿದರೂ ಒಂದಿಲ್ಲ! ಯಾಕೆ ಹೇಳು? ಒಳ್ಳೆ ಗಾಳಿ, ರಾಗಿಮುದ್ದೆ, ಮೈ ಬಗ್ಗಿಸಿ ದುಡಿತ. ನೀವು ಪುಣ್ಯವಂತರು ಕಣಮ್ಮ."

"ಕೇಳ್ದೇನಮ್ಮೀ?" ಅಂದ ಕೆಂಪಸಿದ್ದಯ್ಯ. "ಪುಣ್ಯ ಕುತ್ಗೇಲಿ ಊದ್ಕಂಡದೆ."

ಸೋಮಮ್ಮನಿಗೆ ಬೇರೆ ಯೋಚನೆ. "ಅದ್ಯಾವ್ ಅಮ್ಮ ಬುದ್ದೀ, ಲಿಂಪಮ್ಮ? ನಮ್ ಮಾರಮ್ಮ ಊರು ಕೇರಿ ಅಂತ ಬೇದ ಮಾಡ್ದೋಳಲ್ಲ. ಸಿಡುಬು ಆದಾಗ ಪಟೇಲ್ರ ತೊಟ್ಟೀಮನ್ಗೂ ಬಂದ್ಲು, ನಮ್ ಗುಡ್ಲಿಗೂ ಬಂದ್ಲು. ಈ ಲಿಂಪಮ್ಮ ಮಾತ್ರ ಪ್ಯಾಟೆಯೋರ ಮನೆದೇವ್ರಾ?"

ಕಸ್ತೂರಿರಂಗ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ನಕ್ಕ. ಡಾಕ್ಟರು ನಗಲಿಲ್ಲ. "ನಿನ್ನ ಗಂಡನಿಗೆ ಆಗಿರೋದು ಗಂಡಮಾಲೆ ಇರಬೇಕು. ಬೇರೆ ಕಡೆ ತೋರಿಸು. ನಮ್ಮ ವ್ಯಾನು ಲೆಕ್ಕದಲ್ಲಿರೋ ಊರಿನವರಿಗೆ ಮಾತ್ರ."

"ಆ ಸೊನ್ನೆ ಬರ್ದೋರ್ ಯಾರು?"

"ಇವನೇ ಬಂದಿದ್ದನಲ್ಲ ನಿಮ್ಮೂರಿಗೆ, ಆಷಾಢದಲ್ಲಿ."

ಕೆಂಪಸಿದ್ದಯ್ಯ ಆಗ ಗುಮಾಸ್ತನ ಮುಖ ಸರಿಯಾಗಿ ನೋಡಿದ. ಅವನ ಕಣ್ಣು ಅಗಲವಾಯಿತು.

"ಓಹೋ! ನೀವಾ ಬುದ್ದೀ! ನನ್ ಕೋಲೆಲ್ಲಿ?"

*

ಆಷಾಢದಲ್ಲಿ ಆದದ್ದು ಇಷ್ಟು.

ಕಸ್ತೂರಿರಂಗ ಮೈಸೂರಿನ ಅಗ್ರಹಾರದವನು. ನಲ್ಲಿ ನೀರು ಕುಡಿದು ಬೆಳೆದವನು. ಪುಸ್ತಕ ಹಿಡಿದು ಸಿದ್ದನದೊಡ್ಡಿಗೆ ಬಂದ, ಅರಳಿಕಟ್ಟೆಯ ಮೇಲೆ ಕೂತ. ಶಿವಣ್ಣ ಎಳನೀರು ಕೆತ್ತಿಸಿ ಕೊಟ್ಟ. ಪಟೇಲಿಕೆಯನ್ನು ಸರ್ಕಾರ ಕಿತ್ತುಕೊಂಡಿತ್ತು, ಆದರೆ ಶಿವಣ್ಣನ ಮೀಸೆಯಿಂದ ಅದನ್ನು ಕೀಳಲು ಯಾವ ಸರ್ಕಾರಕ್ಕೂ ಆಗಿರಲಿಲ್ಲ.

ಕಸ್ತೂರಿರಂಗ ಕಾಗದ ನೋಡಿ ಓದಿದ: "ನಿಮ್ಮ ಊರಿನಲ್ಲಿ ಯಾರಿಗಾದರೂ ಗಂಟು ಇದೆಯೇ?"

ಅದು ಎಪ್ಪತ್ತಾರನೇ ಇಸವಿ. ಲೆವಿ ಬತ್ತ ಕೊಡದವರ ಮನೆಗೆ ಜೀಪು ನುಗ್ಗುತ್ತಿದ್ದ ಕಾಲ. ಬಚ್ಚಿಟ್ಟ ಚಿನ್ನ ಅಗೆದರಂತೆ, ಕಾಳು ಹೂತಿಟ್ಟ ಹಗೇವಿನ ಬಾಯಿ ತೆಗೆಸಿದರಂತೆ ಅನ್ನುವ ಸುದ್ದಿ ದಿನಕ್ಕೊಂದು. ಶಿವಣ್ಣ ಎರಡೂ ಕೈ ಅಲ್ಲಾಡಿಸಿದ.

"ಗಂಟಾ? ಅಯ್ಯೋ ಸ್ವಾಮಿ, ನಮ್ಮೂರಲ್ಲಿ ಯಾರ್ತಾವದೆ ಗಂಟು? ಎಲ್ಲಾ ಒಪ್ಪೊತ್ತು ಉಣ್ಣೋರು."

"ಕತ್ತಿನಲ್ಲಿ?"

"ಹೆಂಗಸ್ರ ಕತ್ತಲ್ಲಿ ಕರಿಮಣಿ ಬುಟ್ರೆ ಏನಿಲ್ಲ."

"ಕಂಕುಳಲ್ಲಿ?"

"ಕಂಕುಳಲ್ಲಿ ಗಂಟು ಮಡಿಕಂಡು ತಿರ್ಗೋ ಕಾಲವಾ ಸ್ವಾಮಿ ಇದು!"

"ತೊಡೆಸಂದಿಯಲ್ಲಿ?"

ಶಿವಣ್ಣ ಕಟ್ಟೆಯಿಂದ ಇಳಿದು ನಿಂತ. "ಅಲ್ಲೂ ಹುಡುಕ್ತೀರಾ?"

ಕಸ್ತೂರಿರಂಗ ಸೊನ್ನೆ ಬರೆದ. ಆಮೇಲೆ ಪೆನ್ನಿನಿಂದ ಊರಾಚೆಯ ಕೇರಿಯನ್ನು ತೋರಿಸಿದ. "ಆ ಕಡೆ?"

"ಕೇರಿಗಾ? ಅಲ್ಲಿಗ್ಯಾಕೆ ತಾವು? ಅಲ್ಲಿಗೆ ಗಂಟು ಎಲ್ಲಿಂದ ಬರ್ಬೇಕು? ಒಬ್ಬ ನೀರ್ಗಂಟಿ ಅವ್ನೆ, ಅಷ್ಟೇಯ."

ನೀರ್ಗಂಟಿ ಅನ್ನುವ ಮಾತನ್ನು ಕಸ್ತೂರಿರಂಗ ಹಿಂದೆಂದೂ ಕೇಳಿರಲಿಲ್ಲ. ತನಗೆ ತಿಳಿದಂತೆ ಬರೆದುಕೊಂಡ. ಕೇರಿಗೆ ಹೋಗಲಿಲ್ಲ. ಕೇರಿಗೆ ಹೋಗುವ ದಾರಿಯಲ್ಲಿ ಮುಳ್ಳಿರಲಿಲ್ಲ, ಹಳ್ಳವಿರಲಿಲ್ಲ. ಇನ್ನೂರು ಹೆಜ್ಜೆ ಅಷ್ಟೆ.

ಸಂಜೆಗೆ ಸೋನೆ ಹಿಡಿಯಿತು. ಏರಿಯೆಲ್ಲ ಕೆಸರು. ಕೆರಗೋಡಿಗೆ ಹೊರಟ ಕಸ್ತೂರಿರಂಗ ಎರಡು ಸಲ ಜಾರಿ ಬಿದ್ದ. ತೂಬಿನ ಹತ್ತಿರ ಕೆಂಪಸಿದ್ದಯ್ಯ ನಿಂತಿದ್ದ. ಕೈಯಲ್ಲಿ ಬಿದಿರ ಕೋಲು. ಅದು ಬರೀ ಕೋಲಲ್ಲ. ನೀರು ಅಳೆಯುವ ಕೋಲು. ಅವನ ತಾತ ಕೆತ್ತಿದ ಕಚ್ಚುಗಳಿದ್ದವು. ಯಾವ ಕಚ್ಚಿನವರೆಗೆ ನೀರು ನಿಂತರೆ ಯಾರ ಪಾಲು ಎಷ್ಟು ಅಂತ ಅದರಲ್ಲಿತ್ತು.

"ಕೋಲು ಕೊಡಪ್ಪ. ನಾಳೆ ಬಸ್ಸಿನವರ ಕೈಯಲ್ಲಿ ಕಳಿಸ್ತೀನಿ," ಅಂದ ಕಸ್ತೂರಿರಂಗ. ಕೆಂಪಸಿದ್ದಯ್ಯ ಚಾಚಿದ. ಕಸ್ತೂರಿರಂಗ ಕೈ ಹಿಂತೆಗೆದುಕೊಂಡ. "ಅಲ್ಲಿಡು, ಅಲ್ಲಿಡು."

ಕೆಂಪಸಿದ್ದಯ್ಯ ನೆಲದ ಮೇಲಿಟ್ಟು ಹಿಂದೆ ಸರಿದ. ಕಸ್ತೂರಿರಂಗ ಎತ್ತಿಕೊಂಡು ಹೋದ.

ನಾಳೆ ಬಂತು. ಆರು ತಿಂಗಳ ನಾಳೆಗಳು ಬಂದವು. ಕೋಲು ಬರಲಿಲ್ಲ. ಕೆಂಪಸಿದ್ದಯ್ಯ ನೀರಿಗಿಳಿದು ತನ್ನ ಮೈಯಲ್ಲೇ ಅಳೆದ. ಮೊಣಕಾಲು ಮುಳುಗಿದರೆ ಇಷ್ಟು, ತೊಡೆ ಮುಳುಗಿದರೆ ಇಷ್ಟು. ಶಿವಣ್ಣ ತನ್ನ ಗದ್ದೆಗೆ ಹಲಗೆ ಎತ್ತಿಸಿಕೊಂಡಾಗ ಇವನು ಬಾಯಿಬಿಟ್ಟರೆ ಅವನದು ಒಂದೇ ಮಾತು: "ಕೋಲಿಲ್ದೋನು ನೀರಿನ್ ಮಾತಾಡ್ಬಾರ್ದು ಕಣ್ಲಾ."

*

"ಪುಸ್ತಕದಲ್ಲಿ ನಮ್ಮೂರ್ದು ಏನ್ ಬರ್ದೀರಿ, ಓದಿ ಬುದ್ದೀ," ಅಂದಳು ಸೋಮಮ್ಮ.

ಕಸ್ತೂರಿರಂಗ ಓದಿದ. "ಸಿದ್ದನದೊಡ್ಡಿ. ಗಂಟು, ಸೊನ್ನೆ. ಷರಾ: ನೀರುಗಂಟು, ಒಂದು. ನೀರು ತುಂಬಿದ ಗಂಟು. ಈ ಕಾಯಿಲೆ ಅಲ್ಲ. ಲೆಕ್ಕಕ್ಕಿಲ್ಲ."

ಕೆಂಪಸಿದ್ದಯ್ಯ ನಗತೊಡಗಿದ. ಬಾಗಿಲು ಹಿಡಿದುಕೊಂಡು ನಕ್ಕ. ನಕ್ಕು ಕೆಮ್ಮಿದ, ಕೆಮ್ಮಿ ಕೂತ.

"ನಾನೇ ಕಣಮ್ಮಿ ಅದು! ಬರ್ದವ್ರೆ, ನನ್ನೂ ಬರ್ದವ್ರೆ! ನೀರ್ಗಂಟಿ ಬುದ್ದೀ, ನೀರ್ಗಂಟಿ. ಟು ಅಲ್ಲ, ಟೀ! ಪೊಗದಸ್ತಾಗಿ ಕುಡೀತೀರಲ್ಲ, ಆ ಟೀ!"

ಕಸ್ತೂರಿರಂಗನ ಮುಖ ಬೆಳ್ಳಗಾಯಿತು. ಆವತ್ತು ತೂಬಿನ ಹತ್ತಿರ ಈ ಕುತ್ತಿಗೆ ತನ್ನಿಂದ ಒಂದು ಮಾರು ದೂರದಲ್ಲಿತ್ತು. ಅವನು ಕೋಲು ನೋಡಿದ್ದ, ಕುತ್ತಿಗೆ ನೋಡಿರಲಿಲ್ಲ.

"ಸಾರ್, ಇದನ್ನ ತಿದ್ದಬಹುದು..."

"ಹೇಗಯ್ಯ ತಿದ್ದೋದು?" ಡಾಕ್ಟರು ಬೆವರು ಒರೆಸಿಕೊಂಡರು. "ಲೆಕ್ಕ ಬೆಂಗಳೂರಿಗೆ ಹೋಗಿದೆ. ಹಳ್ಳಿಗೆ ಸೊನ್ನೆ ಅಂತ ಅಚ್ಚಾಗಿದೆ. ಶುಕ್ರವಾರ ದೊಡ್ಡವರು ನಕಾಶೆ ನೋಡೋಕೆ ಬರ್ತಿದ್ದಾರೆ. ಮುಂದಿನ ವರ್ಷದ ಗಣತಿಯಲ್ಲಿ ಸೇರಿಸೋಣಮ್ಮ. ಈಗ ಹೊರಗೆ ಹೋಗಿ."

"ಮುಂದಿನ್ ವರ್ಸ ಇವ್ನು ಇರ್ತಾನಾ?"

ಡಾಕ್ಟರು ಬಾಗಿಲ ಕಡೆ ಕೈ ತೋರಿಸಿದರು.

"ಹೊರಗೆ ಹೋಗಮ್ಮ."

"ಓಗಾಕಿಲ್ಲ."

ಈ ಮಾತು ಸೋಮಮ್ಮ ಹುಟ್ಟಿದಾಗಿನಿಂದ ಯಾರಿಗೂ ಆಡಿರಲಿಲ್ಲ. ದೂರ ನಿಲ್ಲು ಅಂದರೆ ನಿಂತಿದ್ದಳು. ಚಪ್ಪಲಿ ಕೈಯಲ್ಲಿ ಹಿಡಿ ಅಂದರೆ ಹಿಡಿದಿದ್ದಳು. ಬಸುರಿಯಾಗಿ ಎಂಟನೇ ತಿಂಗಳಲ್ಲಿ ಕಬ್ಬಿನ ಕಂತೆ ಹೊರು ಅಂದರೆ ಹೊತ್ತಿದ್ದಳು. ಈಗ ಕಾಲು ಹೊಸ್ತಿಲು ದಾಟಿತು. ನೇರ ನಕಾಶೆಯ ಮುಂದೆ ಹೋಗಿ ನಿಂತಿತು.

"ನಮ್ಮೂರು ಯಾವ್ದು?"

ಕಸ್ತೂರಿರಂಗ ಎದ್ದು ಬಂದು ಬೆರಳಿಟ್ಟ. ಅಲ್ಲಿ ಏನೂ ಇರಲಿಲ್ಲ. ಬಿಳಿ ಕಾಗದ.

"ಡಾಕುಟ್ರೇ, ನಿಮ್ ಕಾಪಿಗೆ ಆಕೋ ಸಕ್ರೆ ಇದ್ಯಲ್ಲ, ಅದ್ರ ಕಬ್ಬು ಕಡ್ದೋಳು ನಾನು. ಅದಕ್ಕೆ ನೀರ್ ಬುಟ್ಟೋನು ಇವ್ನು. ಕಬ್ಬು ಎಷ್ಟು ಟನ್ನು ಅಂತ ತೂಕ ಆಕ್ತೀರಿ. ನೀರು ಎಷ್ಟು ಅಂಗ್ಲ ಅಂತ ಅಳೀತೀರಿ. ನಮ್ಮುನ್ ಎಣ್ಸಕ್ಕೆ ಮಾತ್ರ ನಿಮ್ ಬೆರಳು ಸವೀತದಾ?"

ಅಂದವಳೇ ಇರುವೆ ಮುತ್ತಿದ ಹಾಗಿದ್ದ ಮಂಡ್ಯ ಪೇಟೆಯಿಂದ ಒಂದು ಸೂಜಿ ಕಿತ್ತಳು. ಸೆರಗಿನ ಚುಂಗಿಗೆ ಹಾಕಿ, ಹಲ್ಲಲ್ಲಿ ಎಳೆದು, ಬಿಗಿಯಾಗಿ ಗಂಟು ಹಾಕಿದಳು. ಡಾಕ್ಟರ ಮೂಗಿನ ಮುಂದೆ ಹಿಡಿದಳು.

"ಈಗ ನಮ್ಮೂರಲ್ಲೂ ಒಂದ್ ಗಂಟದೆ. ಬರ್ಕಳಿ."

"ಏಯ್, ಸೂಜಿ ಕೊಡಮ್ಮ!"

"ಕೊಡಾಕಿಲ್ಲ. ಬೇಕಾದ್ರೆ ಬಂದು ಎಣ್ಸಿ ಈಸ್ಕಳಿ. ಅರಳಿಕಟ್ಟೇಲಿ ಕೂತ್ಕಂಡಲ್ಲ, ಕೇರಿಗ್ ಬನ್ನಿ."

ಗಂಡನ ರಟ್ಟೆ ಹಿಡಿದು ಎಬ್ಬಿಸಿದಳು. ಮೂರು ಮೆಟ್ಟಿಲು ಇಳಿದಳು. ಕೆಂಪಸಿದ್ದಯ್ಯ ತಿರುಗಿ ಕೈ ಮುಗಿದ. "ತಪ್ಪು ತಿಳ್ಕಬೇಡಿ ಬುದ್ದೀ. ಲಿಂಪಮ್ಮ ಅವಳ ಮೈಮ್ಯಾಲೆ ಬಂದವ್ಳೆ."

*

ಆಮೇಲೆ ಆ ಆಫೀಸಿನಲ್ಲಿ ನಡೆದದ್ದನ್ನು ಚಲುವಮ್ಮ ಕಣ್ಣಾರೆ ಕಂಡು ಬಂದು ಹೇಳಿದಳು. ಸೂಜಿಗಳು ಬೆಂಗಳೂರಿನಿಂದ ಎಣಿಸಿ ಬಂದಿದ್ದವಂತೆ. ಇಪ್ಪತ್ತೊಂದಕ್ಕೆ ಇಪ್ಪತ್ತೊಂದು. ಡಾಕ್ಟರು ಗಳಿಗೆಗೊಮ್ಮೆ ನಕಾಶೆಯ ಮುಂದೆ ನಿಂತು ಎಣಿಸಿದರಂತೆ. ಮೇಲಿನಿಂದ ಎಣಿಸಿದರೂ ಇಪ್ಪತ್ತು. ಕೆಳಗಿನಿಂದ ಎಣಿಸಿದರೂ ಇಪ್ಪತ್ತು. ಪೊಲೀಸರಿಗೆ ಏನಂತ ಬರೆದುಕೊಡುವುದು? ಹೆಂಗಸೊಬ್ಬಳು ಗುಂಡುಸೂಜಿ ಕದ್ದಳು ಅಂತಲೇ? ಗುಮಾಸ್ತನಂತೂ ಎರಡು ದಿನ ಊಟ ಬಿಟ್ಟು ಒಂದೇ ಮಾತು ಹೇಳಿದನಂತೆ: "ಹೋಗಿ ಬರೋಣ ಸಾರ್. ಇನ್ನೂರು ಹೆಜ್ಜೆ ಅಷ್ಟೆ."

ಮೂರನೇ ದಿನ ಬಿಳಿ ವ್ಯಾನು ಸಿದ್ದನದೊಡ್ಡಿಗೆ ಬಂತು. ಅರಳಿಕಟ್ಟೆಯ ಹತ್ತಿರ ನಿಲ್ಲಲಿಲ್ಲ. ಎಳನೀರು ಹಿಡಿದು ನಿಂತಿದ್ದ ಶಿವಣ್ಣನ ಮುಂದೆ ಹಾದು, ಕೇರಿಯ ಮಾರಮ್ಮನ ಗುಡಿಯ ಮುಂದೆ ನಿಂತಿತು.

ಕಸ್ತೂರಿರಂಗ ಇಳಿದು ಗುಡಿಸಲಿನಿಂದ ಗುಡಿಸಲಿಗೆ ಹೋದ. ಬಗ್ಗಿ ಒಳಗೆ ಹೋದ, ಬಗ್ಗಿ ಹೊರಗೆ ಬಂದ. ತಲೆ ನಾಲ್ಕು ಕಡೆ ತೊಲೆಗೆ ಹೊಡೆಸಿಕೊಂಡ. ಗಂಟು ಅನ್ನುವ ಮಾತನ್ನೇ ಎತ್ತಲಿಲ್ಲ. ತನ್ನ ಕುತ್ತಿಗೆ ಮುಟ್ಟಿ, ತನ್ನ ಕಂಕುಳು ಮುಟ್ಟಿ, "ಇಲ್ಲಿ ಹೀಗೆ ಊದಿದೆಯಾ?" ಅಂತ ಕೇಳಿದ. ತೊಡೆಸಂದಿಯ ಸರದಿ ಬಂದಾಗ ಮುದ್ದಮ್ಮ ಅನ್ನುವ ಮುದುಕಿ, "ಅಯ್ ನಿನ್ ಮನೆ ಕಾಯ್ವಾಗ, ಅದನ್ಯಾಕ್ ತೋರುಸ್ತೀಯ ಮಗ, ಬಾಯಲ್ಲೇಳು ಸಾಕು," ಅಂದಳು. ಕೇರಿಯೆಲ್ಲ ನಕ್ಕಿತು. ಆಮೇಲೆ ಮುದ್ದಮ್ಮ ನಗು ನಿಲ್ಲಿಸಿ, ಸೆರಗು ಸರಿಸಿ, ಕಿವಿಯ ಕೆಳಗಿನ ಮೂರು ಗಡ್ಡೆ ತೋರಿಸಿದಳು.

ಡಾಕ್ಟರು ವ್ಯಾನಿನಲ್ಲೇ ಕೂತಿದ್ದರು. ಸಾಲು ಉದ್ದವಾಯಿತು. ಒಂಬತ್ತು ಜನ. ಆಗ ಡಾಕ್ಟರು ಇಳಿದರು. ಮೊದಲ ಸಲ ಕೆಂಪಸಿದ್ದಯ್ಯನ ಕುತ್ತಿಗೆಗೆ ಬೆರಳಿಟ್ಟರು. ಬೆರಳು ಬಹಳ ಹೊತ್ತು ಅಲ್ಲೇ ಇತ್ತು. ಮುಖ ಇಳಿಯಿತು.

"ಆಷಾಢದಲ್ಲೇ ನೋಡಬೇಕಿತ್ತು," ಅಂದರು. ಯಾರಿಗೂ ಹೇಳಿದ್ದಲ್ಲ ಅದು. ಪುಣ್ಯದ ಮಾತು ಮತ್ತೆ ಎತ್ತಲಿಲ್ಲ.

ಅಷ್ಟರಲ್ಲಿ ಶಿವಣ್ಣ ಬಂದ. ಕೇರಿಯೊಳಕ್ಕೆ ಅವನು ಕಾಲಿಟ್ಟದ್ದು ಅದೇ ಮೊದಲು. ಕಂಕುಳಲ್ಲಿ ಟವಲು ಒತ್ತಿಕೊಂಡಿದ್ದ.

"ಸ್ವಾಮಿ, ನಂಗೂ ಇಲ್ಲೊಂದು ಎದ್ದದೆ. ಯುಗಾದಿಯಿಂದ."

ಕಸ್ತೂರಿರಂಗ ದುರುಗುಟ್ಟಿ ನೋಡಿದ. "ಅವತ್ತು ಕಂಕುಳಲ್ಲಿ ಅಂತ ಕೇಳಿದ್ದೆನಲ್ಲ!"

"ಅವತ್ತು ನೀವ್ ಕೇಳಿದ್ದು ಗಂಟು. ಇದು ಗಂಟು ಅಂತ ಯಾರಿಗ್ ಗೊತ್ತು?"

"ಕೊನೇಲಿರೋ ಚಿಕ್ಕಬೋರಯ್ಯನ ಹಿಂದ್ಗಡೆ ನಿಂತ್ಕಳಿ ಗೌಡ್ರೆ," ಅಂದಳು ಸೋಮಮ್ಮ. "ಇಲ್ಲಿ ಸಾಲು ಅದೆ."

ಶಿವಣ್ಣ ಮೀಸೆ ಮುಟ್ಟಿಕೊಂಡ. ಆಮೇಲೆ ಹೋಗಿ ಚಿಕ್ಕಬೋರಯ್ಯನ ಹಿಂದೆ ನಿಂತ.

ಹತ್ತು ಜನರಲ್ಲಿ ಏಳು ಮಂದಿಯ ಊತ ಹಲ್ಲಿನದು, ಹುಣ್ಣಿನದು, ಗಂಡಮಾಲೆಯದು. ಮೂವರನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಲೇಬೇಕು ಅಂದರು ಡಾಕ್ಟರು. ಕೆಂಪಸಿದ್ದಯ್ಯ, ಮುದ್ದಮ್ಮ, ಶಿವಣ್ಣ. ಡಾಕ್ಟರು ತಾವೇ ಪುಸ್ತಕ ಇಸಿದುಕೊಂಡು, ಸೊನ್ನೆಗೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಮೂರು ಅಂತ ಬರೆದು, ರುಜು ಹಾಕಿದರು. ಅಚ್ಚಾದ ಲೆಕ್ಕಕ್ಕೆ ಅಡ್ಡಗೆರೆ ಎಳೆದದ್ದು ಅವರ ಜನ್ಮದಲ್ಲಿ ಅದೇ ಮೊದಲು.

ಸೋಮಮ್ಮ ಸೆರಗಿನ ಗಂಟನ್ನು ಹಲ್ಲಲ್ಲಿ ಬಿಚ್ಚಿದಳು. ಸೂಜಿಯನ್ನು ಕಸ್ತೂರಿರಂಗನಿಗೆ ಚಾಚಿದಳು. "ತಗಳಿ. ಕಿತ್ತಿದ್ ಜಾಗಕ್ಕಲ್ಲ. ನಮ್ಮೂರಿಗ್ ಚುಚ್ಚಿ."

"ಇನ್ನೂ ಎರಡು ಬೇಕಮ್ಮ," ಅಂದ ಅವನು. "ಪಕ್ಕದ ಹಳ್ಳಿಗಳಿಗೂ ಹೋದರೆ ಎಷ್ಟು ಬೇಕೋ."

"ಜಾಲಿ ಮುಳ್ಳು ಸಾಲದಾ? ನಮ್ ಕಡೆ ಬೇಕಾದಷ್ಟವೆ," ಅಂದ ಕೆಂಪಸಿದ್ದಯ್ಯ ವ್ಯಾನು ಹತ್ತುತ್ತಾ.

ಒಂದು ಕಾಲು ಮೇಲಿಟ್ಟವನು ಹಾಗೇ ನಿಂತ. ಮಧ್ಯಾಹ್ನದ ಬಿಸಿಲಿಗೆ ಊರು ಸುಮ್ಮನಿತ್ತು. ನಾಲೆಯ ಸದ್ದು ಕೇಳುತ್ತಿತ್ತು.

"ಇನ್ನೂ ಮೂರ್ ಬೆರಳು ಜಾಸ್ತೀನೇ ಅದೆ ತೂಬು."

ಒಳಗೆ ಸೀಟಿನ ಮೇಲೆ ಆಗಲೇ ಕೂತಿದ್ದ ಶಿವಣ್ಣ ಅಭ್ಯಾಸಬಲದಿಂದ ಅಂದ: "ಕೋಲಿಲ್ದೋನು ನೀರಿನ್ ಮಾತಾಡ್ಬಾರ್ದು ಕಣ್ಲಾ."

ಕಸ್ತೂರಿರಂಗ ಬಗ್ಗಿ ಶಿವಣ್ಣ ಕೂತಿದ್ದ ಸೀಟಿನ ಕೆಳಗೆ ಕೈ ಹಾಕಿದ. ಹಳೆಯ ಪತ್ರಿಕೆ ಸುತ್ತಿ ಸೆಣಬಿನ ದಾರ ಕಟ್ಟಿದ್ದ ಉದ್ದನೆಯದೊಂದನ್ನು ಎಳೆದ. ದಾರ ಬಿಚ್ಚಿದ. ಬಿದಿರ ಕೋಲು. ಕಚ್ಚು ಕಚ್ಚೂ ಹಾಗೇ ಇದ್ದವು. ಎಣ್ಣೆ ಸವರಿದ ಹಾಗೆ ನುಣುಪಾಗಿತ್ತು.

"ಆರು ತಿಂಗಳು ಇದರ ಮೇಲೆ ನಮ್ಮಮ್ಮನ ಮಡಿಬಟ್ಟೆ ಒಣಗಿದೆ," ಅಂದ, ಮೆಲ್ಲಗೆ, ಕೆಂಪಸಿದ್ದಯ್ಯನಿಗೆ ಮಾತ್ರ ಕೇಳುವ ಹಾಗೆ. "ಒಳ್ಳೆ ಗಳು ಅಂತ ಕೊಡಲೇ ಒಲ್ಲೆ ಅಂದರು."

"ಮಡಿ ಕೆಟ್ಟಿಲ್ವಲ್ಲ ಬುದ್ದೀ?"

"ಯಾರದು ಅಂತ ಗೊತ್ತಾದರೆ ತಾನೆ."

ಕೆಂಪಸಿದ್ದಯ್ಯ ವ್ಯಾನಿನಿಂದ ಕಾಲು ಇಳಿಸಿದ. ಒಂದು ಹೆಜ್ಜೆ ಹಿಂದೆ ಸರಿದು, ನೆಲದ ಮೇಲೆ ಇಡಲಿ ಅಂತ ಜಾಗ ಬಿಟ್ಟು ನಿಂತ. ಕಾಲಿಗೆ ಅದು ರೂಢಿ.

ಕಸ್ತೂರಿರಂಗ ನೆಲದ ಮೇಲೆ ಇಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ನಿಂತ. ಕೇರಿ ನೋಡುತ್ತಿತ್ತು. ಡಾಕ್ಟರು ನೋಡುತ್ತಿದ್ದರು. ಶಿವಣ್ಣ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ.

ಕೆಂಪಸಿದ್ದಯ್ಯ ಆ ಒಂದು ಹೆಜ್ಜೆ ಮುಂದೆ ಬಂದ. ಕೈಯಿಂದ ಕೈಗೆ ಇಸಿದುಕೊಂಡ. ಹೆಬ್ಬೆರಳಲ್ಲಿ ತಾತನ ಕಚ್ಚು ಹುಡುಕಿ, ಅಲ್ಲಿ ಉಗುರಿಟ್ಟು, ಕೋಲನ್ನು ಸೋಮಮ್ಮನಿಗೆ ಕೊಟ್ಟ.

"ಇಲ್ಲೀಗಂಟ ಇಳ್ಸು. ನಾ ಬರೋಗಂಟ ನೀನೇ ನೀರ್ಗಂಟಿ."